ಮೊದಲ ಪ್ರದರ್ಶನ ಎಲ್ಲಿ? ಕನ್ನಡದ ಸ್ವತಂತ್ರ ಚಿತ್ರ ಮತ್ತು ಬೆಂಗಳೂರು ಉತ್ಸವ: ಒಂದು ಟಿಪ್ಪಣಿ

ಸ್ಟಾರ್ ಇಲ್ಲದೆ, ವಿತರಕರ ಮುಂಗಡವಿಲ್ಲದೆ, ಗೆಳೆಯರ ಮತ್ತು ಮನೆಯವರ ದುಡ್ಡಿನಲ್ಲಿ ತಯಾರಾದ ಒಂದು ಕನ್ನಡ ಚಿತ್ರ ಡಿಸೆಂಬರ್ ಹೊತ್ತಿಗೆ ಸಂಕಲನ ಮುಗಿಸಿ ಕೂತಿದೆ ಎಂದಿಟ್ಟುಕೊಳ್ಳೋಣ. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಅರ್ಜಿ ಕರೆದಿದೆ. ಹಾಕಬೇಕೋ ಬೇಡವೋ? ನಮ್ಮಲ್ಲಿ ಈ ಪ್ರಶ್ನೆ ಹೆಚ್ಚಾಗಿ ಮಾನಾಪಮಾನದ ಭಾಷೆಯಲ್ಲಿ ಚರ್ಚೆಯಾಗುತ್ತದೆ. ‘ನಮ್ಮೂರಿನ ಉತ್ಸವಕ್ಕೇ ಕಳಿಸದಿದ್ದರೆ ಹೇಗೆ’ ಎನ್ನುವವರು ಒಂದು ಕಡೆ, ‘ಹೊರಗೆ ಗೆದ್ದು ಬಂದರೆ ತಾನಾಗಿಯೇ ಕರೆಯುತ್ತಾರೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಾರೀಖುಗಳನ್ನು ನೋಡುತ್ತಿಲ್ಲ ಎಂಬುದು ಈ ಟಿಪ್ಪಣಿಯ ತಕರಾರು. ಚಿತ್ರದ ಗುಣ ಎಷ್ಟಿದೆ ಎಂಬುದಕ್ಕಿಂತ, ಅದನ್ನು ಯಾವ ಕ್ರಮದಲ್ಲಿ ಎಲ್ಲೆಲ್ಲಿ ತೋರಿಸುತ್ತೇವೆ ಎಂಬುದೇ ಇಲ್ಲಿ ನಿರ್ಣಾಯಕ.

ಇಲ್ಲಿ ಬಳಸಿರುವುದು ಸಾರ್ವಜನಿಕವಾಗಿ ದಾಖಲಾದ ಸಂಗತಿಗಳನ್ನು ಮಾತ್ರ: ಉತ್ಸವಗಳ ದಿನಾಂಕ, ನಿಯಮಾವಳಿ, ಪ್ರಶಸ್ತಿ ಪಟ್ಟಿ, ಬಿಡುಗಡೆಯ ದಿನ. ‘ಸ್ವತಂತ್ರ ಚಿತ್ರ’ ಎಂದಾಗ ಗಾಂಧಿನಗರದ ಬಂಡವಾಳ ಮತ್ತು ಹಂಚಿಕೆಯ ಜಾಲದ ಹೊರಗೆ ತಯಾರಾದ ಚಿತ್ರ ಎಂಬಷ್ಟೇ ಅರ್ಥ. ಹೆಸರಾಂತ ನಟರೊಬ್ಬರು ನಿರ್ಮಾಪಕರಾಗಿ ಕೈಜೋಡಿಸಿದ ಚಿತ್ರಗಳನ್ನೂ ಸೇರಿಸಿಕೊಂಡಿದ್ದೇನೆ. ಈಚಿನ ಹತ್ತು ವರ್ಷಗಳಲ್ಲಿ ಇಂಥ ಚಿತ್ರಗಳಲ್ಲಿ ಹಲವಕ್ಕೆ ಆ ಬೆಂಬಲವಿತ್ತು. ಅದನ್ನು ಬಿಟ್ಟರೆ ನೋಡಲು ಉಳಿಯುವ ಉದಾಹರಣೆಗಳೇ ಕಡಿಮೆ.

ಬೆಂಗಳೂರಿಗೆ ಉತ್ಸವ ಹೊಸತಲ್ಲ. 1980ರ ಫಿಲ್ಮೋತ್ಸವ ಇಲ್ಲಿ ನಡೆಯಿತು. 1992ರಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವೇ ಇಲ್ಲಿಗೆ ಬಂದಿತ್ತು. ಆಗಿನ್ನೂ ಅದು ಊರಿಂದೂರಿಗೆ ಅಲೆಯುತ್ತಿತ್ತು, ಗೋವಾದಲ್ಲಿ ನೆಲೆ ನಿಂತದ್ದು 2004ರಿಂದ. ಬೆಂಗಳೂರಿನದೇ ಆದ ಉತ್ಸವ ಶುರುವಾದದ್ದು 2006ರಲ್ಲಿ, 1971ರಿಂದ ಚಿತ್ರಸಮಾಜ ನಡೆಸಿಕೊಂಡು ಬಂದಿದ್ದ ಸುಚಿತ್ರಾದ ಮುತುವರ್ಜಿಯಲ್ಲಿ. ಮುಂದೆ ಕರ್ನಾಟಕ ಚಲನಚಿತ್ರ ಅಕಾಡೆಮಿ ಬಂದು, ರಾಜ್ಯ ಸರ್ಕಾರದ ಉತ್ಸವವಾಗಿ ಬೆಳೆಯಿತು. ಏಷ್ಯಾದ ಚಿತ್ರಗಳಿಗೆ ಒಂದು ಸ್ಪರ್ಧೆ, ‘ಚಿತ್ರಭಾರತಿ’ ಎಂಬ ಹೆಸರಿನಲ್ಲಿ ಭಾರತೀಯ ಚಿತ್ರಗಳಿಗೆ ಒಂದು, ಕನ್ನಡ ಚಿತ್ರಗಳಿಗೆ ಇನ್ನೊಂದು. ನಮ್ಮ ಡಿಸೆಂಬರ್ ಚಿತ್ರದ ಕಣ್ಣು ಸಹಜವಾಗಿಯೇ ಈ ಮೂರನೆಯದರ ಮೇಲೆ.

ಇನ್ನು ದಿನಾಂಕಗಳು. 2020ರಲ್ಲಿ ಉತ್ಸವ ನಡೆದದ್ದು ಫೆಬ್ರವರಿ 26ರಿಂದ ಮಾರ್ಚ್ 4ರವರೆಗೆ. ಕೋವಿಡ್‌ನ ಬಿಡುವಿನ ನಂತರ 2022ರಲ್ಲಿ ಮಾರ್ಚ್ 3ರಿಂದ 10, 2023ರಲ್ಲಿ ಮಾರ್ಚ್ 23ರಿಂದ 30, 2024ರಲ್ಲಿ ಫೆಬ್ರವರಿ 29ರಿಂದ ಮಾರ್ಚ್ 7, 2025ರಲ್ಲಿ ಮಾರ್ಚ್ 1ರಿಂದ 8. ಮೇಲ್ನೋಟಕ್ಕೆ ಇದು ಮೂರು ನಾಲ್ಕು ವಾರಗಳ ಹೊಯ್ದಾಟವಷ್ಟೇ. ಪ್ರೇಕ್ಷಕರಿಗೆ ರಜೆ ಹಾಕುವ ತಾಪತ್ರಯ ಬಿಟ್ಟರೆ ಅದರಿಂದ ಹೆಚ್ಚು ತೊಂದರೆಯಿಲ್ಲ. ನಿರ್ಮಾಪಕನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಜನವರಿ ಕೊನೆಯಿಂದ ಫೆಬ್ರವರಿ ಕೊನೆಯೊಳಗೆ ರಾಟರ್‌ಡ್ಯಾಮ್ ಮತ್ತು ಬರ್ಲಿನ್ ಮುಗಿಯುತ್ತವೆ. ಮೇ ತಿಂಗಳ ಕಾನ್‌ಗೆ ಅರ್ಜಿ ಸಲ್ಲಿಸುವ ಕಾಲ ಮಾರ್ಚ್‌ನಲ್ಲಿ ಮುಗಿಯುತ್ತದೆ. ಲೊಕಾರ್ನೊ ಆಗಸ್ಟ್‌ನಲ್ಲಿ, ವೆನಿಸ್ ಮತ್ತು ಟೊರಾಂಟೊ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ, ಬೂಸಾನ್ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ, ಗೋವಾ ನವೆಂಬರ್‌ನಲ್ಲಿ, ಕೇರಳ ಡಿಸೆಂಬರ್‌ನಲ್ಲಿ. ಅಂದರೆ ಬೆಂಗಳೂರು ಉತ್ಸವ ಬರುವುದು, ಒಂದು ಸುತ್ತಿನ ಉತ್ತರ ಬಂದಾಗಿ ಇನ್ನೊಂದು ಸುತ್ತಿನ ಉತ್ತರ ಬರುವ ಮೊದಲಿನ ಸಂದಿಯಲ್ಲಿ. ಡಿಸೆಂಬರ್‌ನಲ್ಲಿ ಮುಗಿದ ಚಿತ್ರಕ್ಕೆ ಬೆಂಗಳೂರಿನ ಅರ್ಜಿ ತುಂಬುವ ವೇಳೆಗೆ ಹೊರಗಿನ ಯಾವ ದೊಡ್ಡ ಉತ್ಸವದಿಂದಲೂ ಉತ್ತರ ಬಂದಿರುವುದಿಲ್ಲ. ಕತ್ತಲಲ್ಲೇ ತೀರ್ಮಾನ ಮಾಡಬೇಕಾಗುತ್ತದೆ.

ಹೀಗೆ ತೀರ್ಮಾನಿಸುವುದರಲ್ಲಿ ಕಳೆದುಕೊಳ್ಳುವುದಾದರೂ ಏನು? ಮೊದಲ ಪ್ರದರ್ಶನದ ಹಕ್ಕು. ಚಿತ್ರವೊಂದು ಜಗತ್ತಿನಲ್ಲಿ ಮೊದಲ ಸಲ ಸಾರ್ವಜನಿಕರ ಮುಂದೆ ಬರುವುದು ವಿಶ್ವ ಪ್ರಥಮ ಪ್ರದರ್ಶನ, ತನ್ನ ದೇಶದ ಹೊರಗೆ ಮೊದಲ ಸಲ ಬರುವುದು ಅಂತರರಾಷ್ಟ್ರೀಯ ಪ್ರಥಮ ಪ್ರದರ್ಶನ. ಇದರ ಕೆಳಗೆ ಖಂಡದ್ದು, ದೇಶದ್ದು, ಊರಿನದು ಎಂಬ ಹಂತಗಳಿವೆ. ಪ್ರತಿಯೊಂದೂ ಒಂದೇ ಸಲ ಖರ್ಚಾಗುತ್ತದೆ. ಬೆಂಗಳೂರಿನಲ್ಲಿ ಮಾರ್ಚ್‌ನಲ್ಲಿ ತೋರಿಸಿದ ಕನ್ನಡ ಚಿತ್ರ ತನ್ನ ವಿಶ್ವ ಪ್ರಥಮ ಪ್ರದರ್ಶನವನ್ನು ಖರ್ಚು ಮಾಡಿರುತ್ತದೆ. ಅಂತರರಾಷ್ಟ್ರೀಯ ಪ್ರಥಮ ಪ್ರದರ್ಶನ ಮಾತ್ರ ಇನ್ನೂ ಕೈಯಲ್ಲಿರುತ್ತದೆ. ಈ ವ್ಯತ್ಯಾಸವನ್ನು ನಮ್ಮ ನಿರ್ದೇಶಕರು ಎರಡು ರೀತಿಯಲ್ಲಿ ತಪ್ಪು ತಿಳಿಯುತ್ತಾರೆ. ಬೆಂಗಳೂರಿನಲ್ಲಿ ತೋರಿಸಿದರೆ ಎಲ್ಲ ಬಾಗಿಲೂ ಮುಚ್ಚಿತು ಎಂದು ಹೆದರುವವರಿದ್ದಾರೆ. ಅದು ನಿಜವಲ್ಲ. ಹೊರದೇಶದ ಅನೇಕ ಉತ್ಸವಗಳ ಅನೇಕ ವಿಭಾಗಗಳಿಗೆ ಅಂತರರಾಷ್ಟ್ರೀಯ ಪ್ರಥಮ ಪ್ರದರ್ಶನವೇ ಸಾಕು. ಅದು ನಮ್ಮ ಮನೆಯೊಳಗಿನ ಪ್ರದರ್ಶನ ತಾನೇ, ಯಾರು ಲೆಕ್ಕಕ್ಕೆ ಇಡುತ್ತಾರೆ ಎಂದು ಉದಾಸೀನ ಮಾಡುವವರೂ ಇದ್ದಾರೆ. ಅದೂ ನಿಜವಲ್ಲ.

ಈ ಎರಡನೆಯ ತಪ್ಪಿನ ಬಗ್ಗೆ ಸ್ವಲ್ಪ ವಿವರ ಬೇಕು. ನಾವು ಬೆಂಗಳೂರಿನದನ್ನು ಮನಸ್ಸಿನಲ್ಲಿ ಪ್ರಾದೇಶಿಕ ಉತ್ಸವ ಎಂದೇ ಇಟ್ಟುಕೊಂಡಿದ್ದೇವೆ. ಸಭಾಂಗಣದಲ್ಲಿ ಕೂತವರು ನಮ್ಮವರು, ವರದಿ ಬರುವುದು ನಮ್ಮ ಪತ್ರಿಕೆಗಳಲ್ಲಿ, ಬಹುಮಾನ ಕೊಡುವುದು ನಮ್ಮ ಸರ್ಕಾರ. ಆದರೆ ಕಾಗದದ ಮೇಲೆ ಅದು ಅಂತರರಾಷ್ಟ್ರೀಯ ಉತ್ಸವವೇ. ನಿರ್ಮಾಪಕರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆಯೂ ಈಚೆಗೆ ಅದಕ್ಕೆ ದೊರೆತಿದೆ. ಕಾನ್‌ನಂಥ ಉತ್ಸವ, ಇನ್ನೊಂದು ಅಂತರರಾಷ್ಟ್ರೀಯ ಉತ್ಸವದಲ್ಲಿ ಕಾಣಿಸಿಕೊಂಡ ಚಿತ್ರವನ್ನು ತನ್ನ ಸ್ಪರ್ಧೆಗೆ ತೆಗೆದುಕೊಳ್ಳುವುದಿಲ್ಲ. ತನ್ನ ದೇಶದ ಚಿತ್ರಮಂದಿರದಲ್ಲಿ ಓಡಿದ್ದಕ್ಕಿಂತ ಉತ್ಸವದಲ್ಲಿ ತೋರಿಸಿದ್ದು ಅಲ್ಲಿ ದೊಡ್ಡ ಅಡ್ಡಿಯಾಗಬಹುದು. ಬೆಂಗಳೂರು ಉತ್ಸವಕ್ಕೆ ಮನ್ನಣೆ ಹೆಚ್ಚಿದಷ್ಟೂ ಅಲ್ಲಿನ ಮೊದಲ ಪ್ರದರ್ಶನದ ಬೆಲೆಯೂ ಹೆಚ್ಚುತ್ತದೆ, ಕೊಡುವವನಿಗೂ ಸೇರಿಸಿ. ಈ ಮನ್ನಣೆಗಾಗಿ ದುಡಿದವರು ಹೆಮ್ಮೆಪಡಬೇಕಾದ ಸಂಗತಿಯೇ ಇದು. ಚೊಚ್ಚಲ ಚಿತ್ರ ಮಾಡಿದ ಹುಡುಗನೊಬ್ಬನಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು, ಅಷ್ಟೆ.

ತಿರುಗುಮುರುಗಾಗಿ ನೋಡಿ. ಹೊರಗೆ ಮೊದಲು ತೋರಿಸಿ ಬಂದ ಚಿತ್ರಕ್ಕೆ ಬೆಂಗಳೂರಿನ ಕನ್ನಡ ವಿಭಾಗ ನಿಯಮದ ದೃಷ್ಟಿಯಿಂದ ಮುಚ್ಚುವುದಿಲ್ಲ. ಆಗಲೇ ಚಿತ್ರಮಂದಿರದಲ್ಲಿ ಬಿಡುಗಡೆಯಾದ ಕನ್ನಡ ಚಿತ್ರಗಳೂ ಅಲ್ಲಿ ಬಂದಿವೆ. ಹೀಗಾಗಿ ಎರಡು ದಾರಿಗಳ ನಡುವೆ ಸಮತೂಕವಿಲ್ಲ. ಬೆಂಗಳೂರಿನಿಂದ ಹೊರಗೆ ಹೋಗುವಾಗ ಕೆಲವು ಬಾಗಿಲುಗಳು ಮುಚ್ಚಿರುತ್ತವೆ. ಹೊರಗಿನಿಂದ ಬೆಂಗಳೂರಿಗೆ ಬರುವಾಗ ಬಾಗಿಲು ತೆರೆದೇ ಇರುತ್ತದೆ, ಆಯ್ಕೆಯಾಗುವುದು ಬಿಡುವುದು ಬೇರೆ ಮಾತು.

ಈ ಸೂತ್ರವನ್ನು ದಾಖಲೆಗಳ ಮುಂದೆ ಹಿಡಿದು ನೋಡಬಹುದು. ರಾಮ್ ರೆಡ್ಡಿ ನಿರ್ದೇಶಿಸಿ ಈರೇಗೌಡ ಬರೆದ ‘ತಿಥಿ’ ಮೊದಲು ಕಾಣಿಸಿಕೊಂಡದ್ದು 2015ರ ಆಗಸ್ಟ್‌ನಲ್ಲಿ, ಲೊಕಾರ್ನೊದಲ್ಲಿ. ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಮತ್ತು ಅತ್ಯುತ್ತಮ ಚೊಚ್ಚಲ ಚಿತ್ರದ ಪ್ರಶಸ್ತಿ ಎರಡನ್ನೂ ಗೆದ್ದಿತು. ಅದೇ ಚಿತ್ರ 2015ನೇ ಸಾಲಿನ, ಅಂದರೆ 63ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಯಿತು. 2016ರ ಮೇ 6ರಂದು ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಲೊಕಾರ್ನೊದಿಂದ ಮಂಡ್ಯದ ಚಿತ್ರಮಂದಿರಕ್ಕೆ ಒಂಬತ್ತು ತಿಂಗಳು. ಈ ಒಂಬತ್ತು ತಿಂಗಳಲ್ಲಿ ಸುದ್ದಿ ಆರಲಿಲ್ಲ. ಆಗಸ್ಟ್‌ನಲ್ಲಿ ಲೆಪರ್ಡ್, ಶರತ್ಕಾಲದಲ್ಲಿ ಮುಂಬೈ ಉತ್ಸವ, ಮಾರ್ಚ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ, ಮೇನಲ್ಲಿ ಪರದೆ. ಚಿತ್ರದ ಗುಣದ ಬಗ್ಗೆ ಸಾಕಷ್ಟು ಬರೆದಾಗಿದೆ. ಈ ಕ್ರಮದ ಬಗ್ಗೆ ಬರೆದದ್ದು ಕಡಿಮೆ.

ಈರೇಗೌಡರ ‘ಬಳೆಕೆಂಪ’ 2018ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲು ಕಂಡು, ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿ ಪಡೆಯಿತು. ನಟೇಶ್ ಹೆಗಡೆ ಅವರ ‘ಪೆಡ್ರೊ’ 2021ರಲ್ಲಿ ಬೂಸಾನ್‌ನ ನ್ಯೂ ಕರೆಂಟ್ಸ್ ವಿಭಾಗದಲ್ಲಿತ್ತು. ಮರುವರ್ಷ ಅದೇ ವಿಭಾಗದಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಪ್ರಶಸ್ತಿಯನ್ನೇ ತಂದಿತು. ಅದು ಏಷ್ಯಾದ ನಿರ್ದೇಶಕರ ಮೊದಲ ಅಥವಾ ಎರಡನೆಯ ಚಿತ್ರಗಳಿಗೆಂದೇ ಇದ್ದ ಸ್ಪರ್ಧೆ. 2025ರಲ್ಲಿ ನಟೇಶ್ ಅವರ ‘ವಾಘಾಚಿಪಾಣಿ’ ಬರ್ಲಿನ್‌ನ ಫೋರಂ ವಿಭಾಗಕ್ಕೆ ಹೋಯಿತು. ಇವುಗಳಲ್ಲಿ ಯಾವುದೂ ಬೆಂಗಳೂರಿನಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರವಲ್ಲ. ಎಲ್ಲವೂ ಮೊದಲ ಪ್ರದರ್ಶನವನ್ನು ಕೈಯಲ್ಲಿಟ್ಟುಕೊಂಡೇ ಕಾದವು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಗೆದ್ದವುಗಳನ್ನು ಮಾತ್ರ ಸಾಲಾಗಿ ನಿಲ್ಲಿಸಿ ‘ನೋಡಿ, ಕಾದವರು ಗೆದ್ದರು’ ಎನ್ನುವುದು ಸಂಶೋಧನೆಯಲ್ಲ. ಕಾದು ಕಾದು ಎಲ್ಲಿಂದಲೂ ಕರೆ ಬಾರದೆ ಹಾರ್ಡ್‌ಡಿಸ್ಕ್‌ನಲ್ಲೇ ಉಳಿದ ಚಿತ್ರಗಳು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಉತ್ಸವಗಳು ಆಯ್ಕೆಯಾದವರ ಹೆಸರು ಪ್ರಕಟಿಸುತ್ತವೆಯೇ ಹೊರತು ತಿರಸ್ಕೃತರದಲ್ಲ. ಆದ್ದರಿಂದ ಮೇಲಿನ ಉದಾಹರಣೆಗಳಿಂದ ಒಂದನ್ನಷ್ಟೇ ಹೇಳಲು ಬರುತ್ತದೆ. ಹೊರಗಿನ ದೊಡ್ಡ ಸ್ಪರ್ಧೆಗೆ ಹೋಗುವ ಅರ್ಹತೆ ತನ್ನ ಚಿತ್ರಕ್ಕಿದೆಯೆಂದು ನಂಬಲು ಕಾರಣವಿರುವವನಿಗೆ ಕಾಯುವುದು ಸರಿ. ಹಾಗೆ ನಂಬಲು ಕಾರಣ ಇದೆಯೇ ಎಂಬುದನ್ನು ತಾಯಿ, ಗೆಳೆಯರು, ಛಾಯಾಗ್ರಾಹಕರನ್ನು ಕೇಳಿ ತಿಳಿಯಲಾಗದು.

ಅದನ್ನು ತಿಳಿಯಲು ಒಂದು ದಾರಿ ಇದೆ. ಹಲವರು ಅದನ್ನು ಬಳಸುವುದಿಲ್ಲ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ 2007ರಿಂದ ಗೋವಾ ಉತ್ಸವದ ಜೊತೆಜೊತೆಗೇ ಫಿಲ್ಮ್ ಬಜಾರ್ ನಡೆಸುತ್ತಿದೆ. ಅಲ್ಲಿ ಪೂರ್ತಿಯಾಗದ ಚಿತ್ರಗಳ ಒರಟು ಸಂಕಲನವನ್ನು ಹೊರದೇಶದ ಸಂಕಲನಕಾರರು, ಉತ್ಸವಗಳ ಆಯ್ಕೆದಾರರು ನೋಡಿ ಸಲಹೆ ಕೊಡುವ ಕಾರ್ಯಾಗಾರ ಇದೆ. ಖರೀದಿದಾರರು ತಾವೇ ಕೂತು ನೋಡುವ ಕೋಣೆಗಳೂ ಇವೆ. ಮಾರುಕಟ್ಟೆಯ ಇಂಥ ವೀಕ್ಷಣೆ ಸಾರ್ವಜನಿಕ ಪ್ರದರ್ಶನದ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಪ್ರದರ್ಶನ ಹಾಗೇ ಉಳಿಯುತ್ತದೆ. ‘ಪೆಡ್ರೊ’ ಬೂಸಾನ್‌ಗೆ ಹೋಗುವ ಮುನ್ನ ಈ ಕಾರ್ಯಾಗಾರವನ್ನು ಹಾದು ಬಂದಿತ್ತು. ನವೆಂಬರ್‌ನಲ್ಲಿ ಅಲ್ಲಿ ತೋರಿಸಿದವನಿಗೆ ಜನವರಿ ವೇಳೆಗೆ ಕನಿಷ್ಠ ಒಂದು ಅಂದಾಜು ಸಿಕ್ಕಿರುತ್ತದೆ: ಯಾರಾದರೂ ಮರುಪತ್ರ ಬರೆದರೇ, ಪೂರ್ತಿ ಚಿತ್ರ ಕಳಿಸಿ ಎಂದರೇ, ಅಥವಾ ಮೌನವೇ? ಬೆಂಗಳೂರಿನ ಅರ್ಜಿಯ ತೀರ್ಮಾನಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ.

‘ಪೆಡ್ರೊ’ ಹೆಸರು ಬಂದ ಮೇಲೆ 2022ರ ಪ್ರಸಂಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬೂಸಾನ್, ಲಂಡನ್ ಉತ್ಸವಗಳಲ್ಲಿ ಕಂಡಿದ್ದ ಆ ಚಿತ್ರ ಆ ವರ್ಷದ ಬೆಂಗಳೂರು ಉತ್ಸವಕ್ಕೆ ಆಯ್ಕೆಯಾಗಲಿಲ್ಲ. ನಿರ್ದೇಶಕರೂ ನಿರ್ಮಾಪಕ ರಿಷಬ್ ಶೆಟ್ಟಿ ಅವರೂ ತಮ್ಮ ಬೇಸರವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಮುಖ ನೋಡಿ ಮಣೆ ಹಾಕುತ್ತಾರೆ ಎಂಬ ಹಳೆಯ ಆಕ್ಷೇಪಕ್ಕೆ ಅದರಿಂದ ಹೊಸ ಬಲ ಬಂತು. ಆಯ್ಕೆ ಸಮಿತಿಯ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ಈ ಟಿಪ್ಪಣಿಯ ಕೆಲಸವಲ್ಲ. ಪ್ರಸಂಗದ ಪಾಠ ನನಗೆ ಕಾಣುವುದು ಬೇರೆ ಕಡೆ. ಹೊರಗೆ ಗೆದ್ದು ಬಂದರೆ ಇಲ್ಲಿ ತಾನಾಗಿಯೇ ಕರೆಯುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ. ಪ್ರತಿ ಉತ್ಸವವೂ ತನ್ನ ಸಮಿತಿಯ ರುಚಿಯಂತೆ ಆರಿಸುತ್ತದೆ, ಬೂಸಾನ್‌ನ ಆಯ್ಕೆ ಬೆಂಗಳೂರಿನ ಮೇಲೆ ಹೊರಿಸಿದ ಸಾಲವಲ್ಲ. ಹಾಗೆಯೇ, ಬೆಂಗಳೂರಿನ ತಿರಸ್ಕಾರದಿಂದ ‘ಪೆಡ್ರೊ’ ಕಳೆದುಕೊಂಡದ್ದು ಒಂದು ವಾರದ ಪ್ರೇಕ್ಷಕರನ್ನು, ಇನ್ನೇನನ್ನೂ ಅಲ್ಲ. ಅದರ ನಿರ್ದೇಶಕರ ಮುಂದಿನ ಚಿತ್ರ ಬರ್ಲಿನ್ ತಲುಪಿತು.

ಇನ್ನೊಂದು ಗಡಿಯಾರ ಸೆನ್ಸಾರ್‌ನದು. ಕರ್ನಾಟಕದ ಮಟ್ಟಿಗೆ ಮೊದಲ ಪ್ರದರ್ಶನದ ನಿಯಮಕ್ಕಿಂತ ಇದೇ ಹೆಚ್ಚು ಜನರನ್ನು ಕಾಡುತ್ತದೆ ಎಂಬುದು ನನ್ನ ಅನಿಸಿಕೆ. ರಾಷ್ಟ್ರೀಯ ಪ್ರಶಸ್ತಿಗೆ ಅರ್ಹವಾಗುವುದು ಆಯಾ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಪ್ರಮಾಣಪತ್ರ ಪಡೆದ ಚಿತ್ರಗಳು. ‘ತಿಥಿ’ ಚಿತ್ರಮಂದಿರಕ್ಕೆ ಬಂದದ್ದು 2016ರಲ್ಲಾದರೂ ಪ್ರಶಸ್ತಿ ಬಂದದ್ದು 2015ನೇ ಸಾಲಿಗೆ. ಅಂದರೆ ಆ ತಂಡ ಲೊಕಾರ್ನೊದ ಬೆನ್ನಿಗೇ, ವರ್ಷ ಮುಗಿಯುವ ಮುನ್ನವೇ ಸೆನ್ಸಾರ್ ಮಾಡಿಸಿತ್ತು. ಡಿಸೆಂಬರ್ ಕೊನೆಯ ವಾರದಲ್ಲಿ ಕೋರಮಂಗಲದ ಕೇಂದ್ರೀಯ ಸದನದ ಮುಂದೆ ಪ್ರತಿ ವರ್ಷ ಕಾಣುವ ಧಾವಂತಕ್ಕೆ ಇದೇ ಕಾರಣ. ಆದರೆ ಡಿಸೆಂಬರ್ 28ಕ್ಕೆ ಪ್ರಮಾಣಪತ್ರ ಪಡೆದ ಚಿತ್ರ ನಾಲ್ಕೇ ದಿನಗಳಲ್ಲಿ ‘ಹೋದ ವರ್ಷದ ಚಿತ್ರ’ವಾಗುತ್ತದೆ. ಮುಂದಿನ ಆಗಸ್ಟ್‌ವರೆಗೆ ಹೊರಗಿನ ಕರೆಗಾಗಿ ಕಾಯುವ ಯೋಜನೆ ಇದ್ದರೆ, ಆ ಧಾವಂತದಿಂದ ಸಿಗುವುದು ನಷ್ಟವೇ. ಇಡೀ ಒಂದು ವರ್ಷದ ಪ್ರಶಸ್ತಿಯ ಅವಕಾಶ, ಯಾವ ಸುದ್ದಿಯ ಬೆಂಬಲವೂ ಇಲ್ಲದೆ ಮುಗಿದುಹೋಗುತ್ತದೆ. ರಾಜ್ಯ ಪ್ರಶಸ್ತಿ, ಸಹಾಯಧನಗಳ ಲೆಕ್ಕವೂ ವರ್ಷಕ್ಕೇ ಕಟ್ಟಿಕೊಂಡಿದೆ. ಸಹಾಯಧನವಿಲ್ಲದೆ ಸಾಲ ತೀರದು ಎಂಬ ಸ್ಥಿತಿಯಲ್ಲಿರುವ ನಿರ್ಮಾಪಕನಿಗೆ ಲೊಕಾರ್ನೊದ ಕನಸಿಗಿಂತ ಈ ವರ್ಷದ ಪ್ರಮಾಣಪತ್ರ ದೊಡ್ಡದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸೆನ್ಸಾರ್ ಆಗದ ಚಿತ್ರವನ್ನು ಉತ್ಸವದಲ್ಲಿ ತೋರಿಸಬಹುದು, ಅದಕ್ಕೆ ಕೇಂದ್ರ ಸರ್ಕಾರದ ವಿನಾಯಿತಿ ಬೇಕು. 1952ರ ಸಿನಿಮಾಟೋಗ್ರಾಫ್ ಕಾಯಿದೆಯ 9ನೇ ಸೆಕ್ಷನ್ ಆ ಅಧಿಕಾರವನ್ನು ಕೊಡುತ್ತದೆ. ಉತ್ಸವವೇ ಒಟ್ಟಾಗಿ ಅರ್ಜಿ ಹಾಕಿ ತರಿಸಿಕೊಳ್ಳುವುದು ರೂಢಿ. ಬಹುತೇಕ ಇದು ಗುಮಾಸ್ತಿಕೆಯ ಕೆಲಸವಾಗಿ ಮುಗಿದುಹೋಗುತ್ತದೆ, ಯಾವಾಗಲೂ ಅಲ್ಲ. 2025ರ ಡಿಸೆಂಬರ್‌ನಲ್ಲಿ ಕೇರಳದ ಉತ್ಸವ ನಡೆಯುತ್ತಿರುವಾಗಲೇ 19 ಚಿತ್ರಗಳಿಗೆ ವಿನಾಯಿತಿ ಸಿಗದೆ ಪ್ರದರ್ಶನಗಳು ತಪ್ಪಿದವು. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಕೂಡ ಅದರಲ್ಲಿತ್ತು. ನೂರು ವರ್ಷದ ಚಿತ್ರಕ್ಕೇ ಹಾಗಾದರೆ, ಜಾತಿಯ ಬಗ್ಗೆಯೋ ದೇವಸ್ಥಾನದ ಬಗ್ಗೆಯೋ ಮಾತಾಡುವ ಚೊಚ್ಚಲ ಕನ್ನಡ ಚಿತ್ರದ ತಂಡ ವಿನಾಯಿತಿಯನ್ನೇ ನಂಬಿ ಕೂರುವುದು ಜಾಣತನವಲ್ಲ. ‘ಸಂಸ್ಕಾರ’ವನ್ನು 1970ರಲ್ಲಿ ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದದ್ದು ನಮ್ಮ ಹೊಸ ಅಲೆಯ ಮೊದಲ ಪುಟದಲ್ಲೇ ಇದೆ.

ಖರ್ಚಿನ ವಿಚಾರವನ್ನು ಬೇಗ ಮುಗಿಸಬಹುದು. ಉತ್ಸವದ ಪ್ರೊಜೆಕ್ಟರ್‌ಗೆ ಡಿಸಿಪಿ ಎಂಬ ಡಿಜಿಟಲ್ ಪ್ರತಿ ಬೇಕು. ಅದರ ಗರಿಷ್ಠ ದರ ಸೆಕೆಂಡಿಗೆ 250 ಮೆಗಾಬಿಟ್. ಹಾಗಾಗಿ 100 ನಿಮಿಷದ ಚಿತ್ರದ ಕಡತ ಸುಮಾರು 190 ಗಿಗಾಬೈಟ್‌ವರೆಗೂ ಹೋಗಬಹುದು. ಇಂಗ್ಲಿಷ್ ಉಪಶೀರ್ಷಿಕೆ ಬೆಂಗಳೂರಿಗೂ ಬೇಕು, ತೀರ್ಪುಗಾರರೆಲ್ಲ ಕನ್ನಡದವರಾಗಿರುವುದಿಲ್ಲ. ಇವೆರಡೂ ಒಂದು ಸಲ ಮಾಡಿದರೆ ಎಲ್ಲ ಕಡೆಗೂ ಆಗುವ ಖರ್ಚು. ಸೋರುವುದು ಬೇರೆ ಕಡೆ: ಅಂತರಜಾಲದ ಅರ್ಜಿ ತಾಣಗಳಲ್ಲಿ ಒಂದೊಂದಕ್ಕೆ ಹತ್ತಾರು ಡಾಲರ್ ಕೊಟ್ಟು ಐವತ್ತು ಅರವತ್ತು ಉತ್ಸವಗಳಿಗೆ ಹಾಕುವಲ್ಲಿ. ಅವುಗಳಲ್ಲಿ ಪ್ರತಿ ತಿಂಗಳೂ ‘ಅತ್ಯುತ್ತಮ ನಿರ್ದೇಶಕ’ನನ್ನು ಆರಿಸುವ, ಸಭಾಂಗಣವಿಲ್ಲದ, ತೀರ್ಪುಗಾರರ ಹೆಸರೇ ಇಲ್ಲದ ಉತ್ಸವಗಳು ಎಷ್ಟೋ. ಪೋಸ್ಟರ್ ತುಂಬ ಲಾರೆಲ್ ಎಲೆಗಳ ಚಿಹ್ನೆ ತುಂಬಿಕೊಂಡ ಚಿತ್ರವನ್ನು ನಮ್ಮ ಪತ್ರಕರ್ತರು ಈಗ ನಂಬುವುದೂ ಇಲ್ಲ, ಓದುವುದೂ ಇಲ್ಲ. ಆ ದುಡ್ಡಿನ ಹತ್ತನೆಯ ಒಂದು ಭಾಗವನ್ನು ಒಳ್ಳೆಯ ಉಪಶೀರ್ಷಿಕೆಕಾರನಿಗೆ ಕೊಡುವುದು ಮೇಲು. ಕೊಪ್ಪಳದ ಹಳ್ಳಿಯ ಮಾತನ್ನೋ ಮಂಡ್ಯದ ಬೈಗುಳವನ್ನೋ ಸಪ್ಪೆ ಇಂಗ್ಲಿಷಿನಲ್ಲಿ ಓದಿದ ಆಯ್ಕೆದಾರ ಎಷ್ಟು ನಿಮಿಷ ಕೂತಾನು?

ಕಿರುಚಿತ್ರಗಳ ಲೆಕ್ಕವೇ ಬೇರೆ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಆಸ್ಕರ್ ಅರ್ಹತೆ ಕೊಡುವ ಉತ್ಸವಗಳ ಪಟ್ಟಿಯಲ್ಲಿದೆ. ಅಲ್ಲಿ ಪ್ರಾದೇಶಿಕವೋ ಅಂತರರಾಷ್ಟ್ರೀಯವೋ ಎಂಬ ಗೊಂದಲವಿಲ್ಲ. ನೆನಪಿಡಬೇಕಾದ್ದು ಒಂದೇ. ಅರ್ಹತೆ ಪಡೆಯುವ ಮುನ್ನ ಚಿತ್ರವನ್ನು ಯೂಟ್ಯೂಬ್‌ಗೋ ಟಿವಿಗೋ ಬಿಟ್ಟರೆ ಆ ದಾರಿ ಮುಚ್ಚುತ್ತದೆ. ವಿದ್ಯಾರ್ಥಿಗಳಿಗೆ ಕಾನ್‌ನ ಲಾ ಸಿನೆಫ್ ಇದೆ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಚಿದಾನಂದ ಎಸ್. ನಾಯ್ಕ್ ತಮ್ಮ 16 ನಿಮಿಷದ ಕನ್ನಡ ಚಿತ್ರಕ್ಕೆ 2024ರಲ್ಲಿ ಅಲ್ಲಿ ಮೊದಲ ಬಹುಮಾನ ಪಡೆದರು.

ತುಳು, ಬ್ಯಾರಿ, ಕೊಡವ ಚಿತ್ರಗಳಿಗೆ ‘ತವರು ಉತ್ಸವ’ ಎಂಬ ಮಾತನ್ನೇ ಮರುವಿಚಾರ ಮಾಡಬೇಕು. 59ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲವನ್ನು ಹಂಚಿಕೊಂಡ ‘ಬ್ಯಾರಿ’ಗೆ, ಮ್ಯಾಕ್‌ಬೆತ್ ಕತೆಯನ್ನು ಕರಾವಳಿಯ ಮೀನುಗಾರರ ನಡುವೆ ತಂದ ಅಭಯ ಸಿಂಹ ಅವರ ‘ಪಡ್ಡಾಯಿ’ಗೆ ಬೆಂಗಳೂರಿನ ಪ್ರೇಕ್ಷಕನೂ ಉಪಶೀರ್ಷಿಕೆ ಓದುವ ಪ್ರೇಕ್ಷಕನೇ. ಅಂಥ ಚಿತ್ರಕ್ಕೆ ಬೆಂಗಳೂರು, ಕೇರಳ, ಪುಣೆ ಒಂದೇ ದೂರದಲ್ಲಿವೆ. ತೀರ್ಮಾನದಲ್ಲಿ ಭಾವನೆಯ ಪಾಲು ಕಡಿಮೆಯಾಗುವುದರಿಂದ ಅವರಿಗೆ ಲೆಕ್ಕ ಸುಲಭ ಎನ್ನಬೇಕೇನೋ.

ಹಾಗಾದರೆ ಬೆಂಗಳೂರು ಉತ್ಸವದಿಂದ ಕನ್ನಡ ಚಿತ್ರಕ್ಕೆ ಸಿಗುವುದೇನು? ಬೇರೆಲ್ಲೂ ಸಿಗದ ಒಂದು ಸಂಗತಿ ಇದೆ: ಮಾತು ಗೊತ್ತಿದ್ದು, ಟಿಕೆಟ್ಟಿನ ಹಂಗಿಲ್ಲದೆ, ಕೊನೆಯವರೆಗೆ ಕೂತು ನೋಡುವ ಜನ. ನೀನಾಸಂ 1970ರ ದಶಕದಲ್ಲಿ ಹೆಗ್ಗೋಡಿನಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ಅಭಿಜಾತ ಚಿತ್ರಗಳನ್ನು ಅಡಕೆ ತೋಟದ ಊರಿನವರ ಮುಂದೆ ಇಟ್ಟಾಗ ಕಂಡದ್ದು ಇದೇ, ನೋಡುವವರನ್ನು ಬೆಳೆಸಬಹುದು ಎಂಬುದು. ಸುಚಿತ್ರಾ ಬೆಂಗಳೂರಿನಲ್ಲಿ ಮಾಡಿದ್ದೂ ಅದನ್ನೇ. ಅರ್ಧ ಶತಮಾನದ ಈ ಕೆಲಸದ ಫಲವಾಗಿ ಬೆಂಗಳೂರಿನ ಉತ್ಸವದ ಸಾಲುಗಳಲ್ಲಿ ಕೂರುವ ಪ್ರೇಕ್ಷಕ ಕನ್ನಡದ ಸ್ವತಂತ್ರ ಚಿತ್ರದ ಮೊದಲ ಗಿರಾಕಿ. ಇವನು ಬಾಯಿಂದ ಬಾಯಿಗೆ ಹೇಳಿದರೆ ಮಲ್ಟಿಪ್ಲೆಕ್ಸ್‌ನ ಬೆಳಗಿನ ಒಂದೇ ಒಂದು ಆಟ ಸೋಮವಾರ ದಾಟುತ್ತದೆ. ಆದರೆ ಬಾಯಿಮಾತಿಗೆ ಆಯುಸ್ಸು ಕಡಿಮೆ. ನೋಡಿ ಮೆಚ್ಚಿದವನು ಎರಡು ವಾರ ಹೇಳಿಯಾನು, ಹೆಚ್ಚೆಂದರೆ ಮೂರು.

ದಾಖಲೆಗಳು ಇಲ್ಲಿ ನಿರಾಸೆ ಹುಟ್ಟಿಸುತ್ತವೆ. ಕೋವಿಡ್ ಕಾಲದ ವಲಸೆಯ ಕತೆ ಹೇಳಿದ ಉತ್ಸವ್ ಗೋನವಾರ ಅವರ ‘ಫೋಟೋ’ 2023ರ ಬೆಂಗಳೂರು ಉತ್ಸವದಲ್ಲಿ ಗಮನ ಸೆಳೆಯಿತು. ಪ್ರಕಾಶ್ ರಾಜ್ ಮುಂದೆ ನಿಂತು ಅದನ್ನು ಚಿತ್ರಮಂದಿರಕ್ಕೆ ತಂದದ್ದು 2024ರ ಮಾರ್ಚ್‌ನಲ್ಲಿ. ಸುಮಂತ್ ಭಟ್ ಅವರ ‘ಮಿಥ್ಯ’ 2023ರಲ್ಲಿ ಮುಂಬೈ ಉತ್ಸವದಲ್ಲಿ ಕಂಡು, ಬಿಡುಗಡೆಯಾದದ್ದು 2025ರ ಮಾರ್ಚ್‌ನಲ್ಲಿ. ‘ಶಿವಮ್ಮ’ ಬೂಸಾನ್‌ನಲ್ಲಿ ಗೆದ್ದದ್ದು 2022ರ ಅಕ್ಟೋಬರ್‌ನಲ್ಲಿ, ಕರ್ನಾಟಕದ ಪರದೆಗೆ ಬಂದದ್ದು 2024ರ ಜೂನ್‌ನಲ್ಲಿ. ಒಂದು ವರ್ಷ, ಒಂದೂವರೆ ವರ್ಷದ ಅಂತರದಲ್ಲಿ ಉತ್ಸವದ ಚಪ್ಪಾಳೆ ತಣ್ಣಗಾಗಿ ಹೋಗುತ್ತದೆ. ಈ ವಿಳಂಬಕ್ಕೆ ಉತ್ಸವಗಳು ಕಾರಣವಲ್ಲ. ಪರದೆ ಸಿಗದು, ಓಟಿಟಿಯವರು ಕನ್ನಡವೆಂದರೆ ಹಿಂಜರಿಯುತ್ತಾರೆ. ರಕ್ಷಿತ್ ಶೆಟ್ಟಿ ಅವರಂಥವರೇ ‘ಏಕಂ’ ಸರಣಿಗೆ ವೇದಿಕೆ ಸಿಗದೆ 2024ರಲ್ಲಿ ಸ್ವಂತ ತಾಣ ತೆರೆದರು. ಆದರೂ ಇದರಿಂದ ಒಂದು ಕೆಲಸಕ್ಕೆ ಬರುವ ತೀರ್ಮಾನ ಹೊರಡುತ್ತದೆ. ತವರಿನ ಉತ್ಸವದ ಪ್ರದರ್ಶನಕ್ಕೆ ಅತಿ ಹೆಚ್ಚು ಬೆಲೆ ಬರುವುದು ಅದು ಬಿಡುಗಡೆಗೆ ಹತ್ತಿರವಿದ್ದಾಗ.

ಆದ್ದರಿಂದ ಬೆಂಗಳೂರು ಉತ್ಸವವನ್ನು ಚಿತ್ರದ ಪ್ರಯಾಣದ ಮೊದಲ ನಿಲ್ದಾಣವಾಗಿ ಎಣಿಸುವುದನ್ನು ಬಿಟ್ಟು, ಚಿತ್ರಮಂದಿರಕ್ಕೆ ಮುಂಚಿನ ಕೊನೆಯ ನಿಲ್ದಾಣವಾಗಿ ನೋಡಬೇಕು ಎಂಬುದು ನನ್ನ ನಿಲುವು. ಡಿಸೆಂಬರ್‌ನಲ್ಲಿ ಮುಗಿದ ಚಿತ್ರಕ್ಕೆ ಹೊರಗಿನಿಂದ ಗಂಭೀರವಾದ ಒಂದಾದರೂ ವಿಚಾರಣೆ ಬಂದಿದ್ದರೆ, ಈ ಮಾರ್ಚ್ ಬೇಡ, ಮುಂದಿನ ಸಲದ ಉತ್ಸವ ಸಾಕು. ಅಷ್ಟರೊಳಗೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಉತ್ಸವಗಳ ಉತ್ತರ ಬಂದಿರುತ್ತದೆ, ಸೆನ್ಸಾರ್ ಯಾವಾಗ ಎಂಬುದೂ ತೀರ್ಮಾನವಾಗಿರುತ್ತದೆ. ಯಾವ ವಿಚಾರಣೆಯೂ ಇಲ್ಲ, ಕೈಯಲ್ಲಿ ಪ್ರಮಾಣಪತ್ರವಿದೆ, ಏಪ್ರಿಲ್‌ನಲ್ಲೋ ಮೇನಲ್ಲೋ ಬಿಡುಗಡೆ ಮಾಡುವ ಶಕ್ತಿಯಿದೆ ಎಂದಾದರೆ ಈ ಮಾರ್ಚ್‌ಗೇ ಹಾಕಬೇಕು, ಅದೂ ಹಿಂಜರಿಕೆಯಿಲ್ಲದೆ. ಮಾರ್ಚ್ ಪರೀಕ್ಷೆಯ ಕಾಲ, ಅದರ ಹಿಂದೆಯೇ ಐಪಿಎಲ್ ಶುರುವಾಗುತ್ತದೆ ಎಂಬ ಗಾಂಧಿನಗರದ ಲೆಕ್ಕ ಸ್ಟಾರ್ ಚಿತ್ರಗಳಿಗೆ ಸರಿ. ದೊಡ್ಡವರು ಹಿಂದೆ ಸರಿಯುವ ಆ ವಾರಗಳಲ್ಲೇ ಸಣ್ಣ ಚಿತ್ರಕ್ಕೆ ಪರದೆ ಸಿಗುವುದು. ಇವೆರಡರ ನಡುವಿನ ಸ್ಥಿತಿ, ಅಂದರೆ ಹೊರಗಿನ ಕರೆಯೂ ಇಲ್ಲ, ಬಿಡುಗಡೆಯ ಯೋಜನೆಯೂ ಇಲ್ಲ, ಸುಮ್ಮನೆ ಎಲ್ಲಾದರೂ ತೋರಿಸಿಬಿಡಬೇಕೆಂಬ ಆತುರ ಮಾತ್ರ ಇದೆ ಎಂಬುದು, ಅತಿ ಸಾಮಾನ್ಯವಾದದ್ದು ಮತ್ತು ಅತಿ ದುಬಾರಿಯಾದದ್ದು. ಆಗ ಅರ್ಜಿಗಿಂತ ಮೊದಲು ವಿತರಕನೊಬ್ಬನನ್ನು ಹುಡುಕುವುದು ಒಳ್ಳೆಯದು.

ಇಷ್ಟೆಲ್ಲ ಲೆಕ್ಕ ಸಾಧ್ಯವಾಗಬೇಕಾದರೆ ಉತ್ಸವದ ಕಡೆಯಿಂದಲೂ ಒಂದು ನೆರವು ಬೇಕು. ಗೋವಾದ ಉತ್ಸವ ನವೆಂಬರ್ 20ಕ್ಕೆ ಶುರುವಾಗುತ್ತದೆಂಬುದು ಎಲ್ಲರಿಗೂ ವರ್ಷದ ಮೊದಲೇ ಗೊತ್ತು, ಎಲ್ಲರೂ ಅದಕ್ಕೆ ತಕ್ಕಂತೆ ತಮ್ಮ ಸಂಕಲನ, ಸೆನ್ಸಾರ್, ಬಿಡುಗಡೆಯನ್ನು ಹೊಂದಿಸಿಕೊಳ್ಳುತ್ತಾರೆ. ಬೆಂಗಳೂರು ಉತ್ಸವಕ್ಕೂ ಅಂಥದೊಂದು ಖಾಯಂ ದಿನಾಂಕವನ್ನು ಚಲನಚಿತ್ರ ಅಕಾಡೆಮಿ ಗೊತ್ತುಮಾಡಲಿ. ಕನ್ನಡ ಸ್ಪರ್ಧೆಯ ನಿಯಮಾವಳಿಯನ್ನು, ಪ್ರಮಾಣಪತ್ರ ಮತ್ತು ಮೊದಲ ಪ್ರದರ್ಶನದ ಷರತ್ತುಗಳ ಸಮೇತ, ಹಿಂದಿನ ಆಗಸ್ಟ್‌ನಲ್ಲೇ ಕನ್ನಡದಲ್ಲಿ ಪ್ರಕಟಿಸಲಿ. ಇದಕ್ಕೆ ಹೆಚ್ಚಿನ ಅನುದಾನವೇನೂ ಬೇಕಿಲ್ಲ.